ಇರುವೆ ತಿದ್ದಿದ ಪಂಡಿತ

ಕಾಡಿನ ಮಹಾಪಂಡಿತನನ್ನು ಆರಿಸಲು ಆನೆ ಸಭೆ ಕರೆದಿತ್ತು. ಸ್ಪರ್ಧೆಯಲ್ಲಿ ಉಳಿದದ್ದು ನವಿಲು ಮತ್ತು ಮರಕುಟಿಗ. ನವಿಲು ಮುಂದೆ ಬಂದು, "ನಾನು ಮಳೆಯೊಂದರ ಮೇಲೆಯೇ ಗ್ರಂಥದ ಮೇಲೆ ಗ್ರಂಥ ರಚಿಸಿದ್ದೇನೆ. ಈ ಮರಕುಟಿಗ ಮರ, ನೀರು, ಇರುವೆ ಎಂದು ಕಂಡದ್ದಕ್ಕೆಲ್ಲ ಕೊಕ್ಕು ಹಾಕಿದ್ದಾನೆ" ಎಂದಿತು.

"ನೀವಿಬ್ಬರೂ ಬರೆದದ್ದು ಯಾರಿಗೆ ಉಪಯೋಗವಾಯಿತು?" ಎಂದು ಆನೆ ಕೇಳಿತು.

ನವಿಲಿನ ಗ್ರಂಥಗಳನ್ನು ಬೇರೆ ನವಿಲುಗಳು ಮಾತ್ರ ಹೊಗಳಿದವು. ಅಷ್ಟರಲ್ಲಿ ಅಳಿಲು ಎದ್ದು, "ಮರಕುಟಿಗರು ಬರೆದಂತೆ ಮರ ತಟ್ಟಿ ಸದ್ದು ಕೇಳಿಯೇ ನಾನು ಗೂಡಿಗೆ ಗಟ್ಟಿ ಮರ ಆರಿಸಿದೆ" ಎಂದಿತು. "ಬೇಸಿಗೆಯಲ್ಲಿ ನೀರು ಎಲ್ಲಿ ಉಳಿಯುತ್ತದೆಂದು ತಿಳಿದದ್ದು ಅವರಿಂದಲೇ. ನನ್ನ ಮರಿಗಳು ಬದುಕಿದವು" ಎಂದು ಕಪ್ಪೆ ಕುಪ್ಪಳಿಸಿತು. ಬಾವಲಿ, ಜೇನು, ಮುಳ್ಳುಹಂದಿ ಎಲ್ಲವೂ ಒಟ್ಟಿಗೆ ಮಾತಾಡತೊಡಗಿದವು. ಆನೆ ಮರಕುಟಿಗನಿಗೆ ಹಾಕಲು ಸಂಭ್ರಮದಿಂದ ಹಾರ ಎತ್ತಿಕೊಂಡಿತು.

ಆಗ, ಮರಕುಟಿಗನ ಕೊಕ್ಕಿಗೆ ಹೆದರಿ ದೂರವೇ ನಿಂತಿದ್ದ ಇರುವೆಯೊಂದು ಬಾಯಿ ಬಿಟ್ಟಿತು. "ಸ್ವಾಮಿ, ಮಳೆಗೆ ಮೊದಲು ನಾವು ಗೂಡಿನ ಬಾಯಿ ಮುಚ್ಚುತ್ತೇವೆಂದು ನೀವು ಬರೆದಿದ್ದೀರಿ. ಅದನ್ನು ಓದಿ ಊರೂರು ಹುಡುಕಿ ನೋಡಿದೆ. ಎರೆಮಣ್ಣಿನ ಇರುವೆಗಳು ಬಾಯಿ ಮುಚ್ಚುವುದಿಲ್ಲ, ಮರ ಹತ್ತುತ್ತವೆ. ನಿಮ್ಮ ಮಾತು ತಪ್ಪು."

ನವಿಲು ನಕ್ಕಿತು. ಮರಕುಟಿಗನ ಜುಟ್ಟು ಮಾತ್ರ ನೆಟ್ಟಗೆ ನಿಂತಿತು.

"ಮರ ಹತ್ತುತ್ತವೆಯೇ? ಮೊಟ್ಟೆಗಳನ್ನೂ ಹೊತ್ತುಕೊಂಡೇ? ನಡೆಯಿರಿ, ಈಗಲೇ ತೋರಿಸಿ."

ಅದು ಇರುವೆಯನ್ನು ಬೆನ್ನ ಮೇಲೆ ಹತ್ತಿಸಿಕೊಂಡು, ಹಾರದತ್ತ ತಿರುಗಿಯೂ ನೋಡದೆ ಹಾರಿಹೋಯಿತು.

"ಈಗ ಹಾರ ನನಗೆ ತಾನೇ?" ಎಂದು ನವಿಲು ಕತ್ತು ಚಾಚಿತು.

"ಕಾಯೋಣ," ಎಂದಿತು ಆನೆ. "ಮಹಾಪಂಡಿತರು ಕೆಲಸದ ಮೇಲೆ ಹೋಗಿದ್ದಾರೆ."