ಕೇರೆಹಾವಿಗೆ ಮಂಕು ಕವಿದದ್ದು

ನೆಲ ಇನ್ನೂ ಪೂರ್ತಿ ಆರಿರದ ಕಾಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಗೊತ್ತು ಮಾಡಿಕೊಳ್ಳುತ್ತಿದ್ದವು, ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆಗ ಭೂಮಿತಾಯಿ ಹುಟ್ಟಿದ ಪ್ರತಿ ಜೀವಕ್ಕೂ ಒಂದೊಂದು ಹೊದಿಕೆ ಕೊಟ್ಟಳು. ಹಕ್ಕಿಗೆ ಪುಕ್ಕ, ಕುರಿಗೆ ತುಪ್ಪಟ, ಮೀನಿಗೆ ಹುರುಪೆ. ಹಾವಿಗೆ ನಯವಾದ ಒಂದು ಪೊರೆ. ಬಿಸಿಲು, ಮುಳ್ಳು, ಕಲ್ಲು ತಾಗದಂತೆ ಅದು ಹಾವನ್ನು ಪೊರೆಯುತ್ತಿತ್ತು. ಒಬ್ಬೊಬ್ಬರಿಗೆ ಒಂದೇ ಹೊದಿಕೆ, ಅದು ಹೋದರೆ ಜೀವವೂ ಹೋಯಿತು ಎಂದು ಎಲ್ಲರೂ ನಂಬಿದ್ದರು. ಭೂಮಿತಾಯಿ ಹಾಗೆ ಹೇಳಿದ್ದಳೋ ಇಲ್ಲವೋ ಯಾರಿಗೂ ನೆನಪಿರಲಿಲ್ಲ.

ಒಂದು ಕಲ್ಲುಗುಡ್ಡದ ಬುಡದಲ್ಲಿ ನೀಳಿ ಎಂಬ ಕೇರೆಹಾವು ಇದ್ದಳು. ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ಆ ಗುಡ್ಡದಲ್ಲಿ ಇರಲಿಲ್ಲ. ಬೆಳಿಗ್ಗೆ ಗಾಳಿಯ ಜೊತೆ ಪಂದ್ಯ ಕಟ್ಟಿ ಓಡುತ್ತಿದ್ದಳು, ಆಮೇಲೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದಳು. ಆ ವರ್ಷದ ಮಳೆಗಾಲದಲ್ಲಿ ಇಲಿಗೂ ಕಪ್ಪೆಗೂ ಕೊರತೆಯಿರಲಿಲ್ಲ. ಹೊಟ್ಟೆ ತುಂಬ ತಿಂದಳು, ಮೊಳದುದ್ದ ಬೆಳೆದಳು.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಗಾಳಿ ಬಂದು ಕರೆದಾಗ ನೀಳಿಗೆ ಏಳಬೇಕೆನಿಸಲಿಲ್ಲ. ನಾಳೆ ಬರುತ್ತೇನೆ ಎಂದಳು. ಮರುದಿನವೂ ಹಾಗೇ ಎಂದಳು. ಮೂರನೆಯ ದಿನ ಗಾಳಿ ಕರೆದಾಗ ತಲೆಯನ್ನು ತನ್ನ ಸುರುಳಿಯೊಳಗೆ ಹುದುಗಿಸಿಕೊಂಡಳು. ಅವಳ ಮೈ ಬೂದಿ ಬಣ್ಣಕ್ಕೆ ತಿರುಗಿತು. ಹಸಿವು ಸತ್ತಿತು. ಕಣ್ಣಿಗೆ ಹಾಲಿನಂಥ ಮಂಕು ಕವಿದು, ಎದುರಿಗಿದ್ದ ಗುಡ್ಡವೇ ಹೊಗೆಯ ಮುದ್ದೆಯಂತೆ ಕಂಡಿತು.

ಅಕ್ಕಪಕ್ಕದವರು ನೋಡಲು ಬಂದರು. ಬೆಳಗಾಗುತ್ತಲೇ ಎದ್ದು ಜೋರಾಗಿ ಕೂಗಿದರೆ ಎಲ್ಲ ಸರಿಹೋಗುತ್ತದೆ ಎಂದಿತು ಗೌಜುಗ ಹಕ್ಕಿ. ಇದು ಬರೀ ಸೋಮಾರಿತನ, ಹತ್ತು ಸಲ ಮರ ಹತ್ತಿ ಇಳಿಯಬೇಕು ಎಂದಿತು ಅಳಿಲು. ಒಂದೇ ಕಡೆ ಬಿದ್ದಿರಬಾರದು, ತನ್ನ ಹಾಗೆ ಹರಿಯುತ್ತಿರಬೇಕು ಎಂದು ಹೊಳೆ ದೂರದಿಂದಲೇ ಹೇಳಿ ಮುಂದೆ ಹೋಯಿತು.

ನೀಳಿ ಎಲ್ಲರ ಮಾತೂ ಕೇಳಿಸಿಕೊಂಡಳು. ಮರ ಹತ್ತಲೂ ನೋಡಿದಳು. ಅರ್ಧಕ್ಕೇ ಜಾರಿ ಬಿದ್ದಳು. ಅದಾದ ಮೇಲೆ ಎರಡು ಬಂಡೆಗಳ ನಡುವಿನ ಸಂದಿಯೊಳಗೆ ಸೇರಿಕೊಂಡು, ತಾನು ಕೆಟ್ಟುಹೋದೆ ಎಂದು ತೀರ್ಮಾನಿಸಿದಳು. ಅವಳಿಗೆ ಅಳುವೂ ಬರಲಿಲ್ಲ.

ಆ ಸಂದಿಯ ತಂಪಿನಲ್ಲಿ ವಟರಜ್ಜ ಎಂಬ ಮುದಿ ನೆಲಗಪ್ಪೆ ವಾಸವಾಗಿದ್ದ. ನೀಳಿಯನ್ನು ಕಂಡ ಕೂಡಲೇ ತನ್ನ ಆಯುಸ್ಸು ಮುಗಿಯಿತೆಂದು ಕಣ್ಣು ಮುಚ್ಚಿ ಕೂತ. ಏನೂ ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ನಾಲ್ಕನೆಯ ದಿನ ತಡೆಯಲಾರದೆ ಕೇಳಿದ.

"ತಾಯಿ, ನಿನ್ನ ಬಾಯಿಂದ ಒಂದು ಗೇಣು ದೂರದಲ್ಲಿದ್ದೇನೆ. ನನ್ನನ್ನು ಯಾಕೆ ತಿಂದಿಲ್ಲ?"

"ಬೇಡ ಅಜ್ಜ. ಏನೂ ಬೇಡ."

ವಟರಜ್ಜ ಬುದ್ಧಿ ಹೇಳಲಿಲ್ಲ. ಹಾವಿಗೆ ಬುದ್ಧಿ ಹೇಳುವಷ್ಟು ಧೈರ್ಯವೂ ಅವನಿಗಿರಲಿಲ್ಲ. ಯಾವಾಗಿನಿಂದ ಹೀಗೆ, ಎಲ್ಲಿ ನೋವು ಎಂದಷ್ಟೇ ವಿಚಾರಿಸಿದ. ಹೊಟ್ಟೆಯಲ್ಲಿ ಅಲ್ಲ ಎಂದಳು. ತಲೆಯಲ್ಲೂ ಅಲ್ಲ. ನೋವು ಅಂತಲೂ ಅಲ್ಲ.

"ಈ ಮಂಕು ಸುಮ್ಮನೆ ಬಂದಿರಲಾರದು," ಎಂದ ಅಜ್ಜ. "ಮನೆಗೆ ಬಂದವರನ್ನು ಏನು ಬಂದಿರಿ ಅಂತ ಕೇಳುವುದಿಲ್ಲವೆ? ಇದನ್ನೂ ಕೇಳಿ ನೋಡು. ನಾನಿಲ್ಲೇ ಇರ್ತೀನಿ."

ನೀಳಿ ಎರಡು ದಿನ ಅಲುಗದೆ ಮಲಗಿದಳು. ಇಷ್ಟು ದಿನ ಮಂಕನ್ನು ಓಡಿಸಲು ನೋಡಿದ್ದಳು, ಇಲ್ಲವೆ ತನ್ನನ್ನೇ ಬೈದುಕೊಂಡಿದ್ದಳು. ಈಗ ಅದು ಎಲ್ಲೆಲ್ಲಿ ಕೂತಿದೆ ಎಂದು ಮೂತಿಯಿಂದ ಬಾಲದವರೆಗೆ ಗಮನಿಸುತ್ತ ಹೋದಳು. ಉಸಿರೆಳೆದರೆ ಪಕ್ಕೆಗೆ ಏನೋ ಒತ್ತುತ್ತಿತ್ತು. ತಿರುಗಿದರೆ ಕುತ್ತಿಗೆ ಹಿಡಿಯುತ್ತಿತ್ತು.

"ಅಜ್ಜ," ಎಂದಳು ಕೊನೆಗೆ, "ಬಿಗಿಯಾಗಿದೆ. ನಾನು ಬೆಳೆದಿದ್ದೇನೆ. ನನ್ನ ಪೊರೆ ಬೆಳೆದಿಲ್ಲ."

ಹಾಗೆಂದ ಮರುದಿನ ಅವಳ ಕಣ್ಣು ತಿಳಿಯಾಯಿತು. ಮೈ ಮಾತ್ರ ಹಾಗೇ ಇತ್ತು. ಗೊತ್ತಾಯಿತೆಂದು ಬಿಗಿ ಸಡಿಲವಾಗಲಿಲ್ಲ. ಮೇಲೊಂದು ಭಯ ಸೇರಿಕೊಂಡಿತು. ಪೊರೆ ಬಿಟ್ಟರೂ ಸಾಯುತ್ತೇನೆ, ಬಿಡದಿದ್ದರೂ ಸಾಯುತ್ತೇನೆ ಎಂದು ಹೇಳಿಕೊಂಡಳು. ಏನಾಗುತ್ತದೋ ತನಗೂ ಗೊತ್ತಿಲ್ಲ ಎಂದ ಅಜ್ಜ. ಏನು ಮಾಡುವುದೆಂದು ಇಬ್ಬರೂ ಬಂಡೆಯನ್ನು ಕೇಳಿದರು. ತನ್ನ ಮೈ ಒರಟು, ಬೇಕಾದರೆ ಉಜ್ಜಿಕೊಳ್ಳಲಿ, ಅದಕ್ಕಿಂತ ಹೆಚ್ಚಿನದು ತನ್ನಿಂದಾಗದು ಎಂದಿತು ಬಂಡೆ.

ಮೂರು ದಿನ ನೀಳಿ ಅಳೆದೂ ಸುರಿದೂ ಕಳೆದಳು. ನಾಲ್ಕನೆಯ ಬೆಳಿಗ್ಗೆ ಮೂತಿಯನ್ನು ಬಂಡೆಗೆ ತಿಕ್ಕಿದಳು. ತುಟಿಯ ಅಂಚಿನಲ್ಲಿ ಪೊರೆ ಬಿರಿಯಿತು. ಅಲ್ಲಿಗೇ ನಿಂತಳು. ಇನ್ನೂ ಬದುಕಿದ್ದೇನೆಯೇ ಎಂದು ನೋಡಿಕೊಂಡಳು. ಮತ್ತೆ ತಿಕ್ಕಿದಳು. ಕಲ್ಲುಗಳ ನಡುವೆ ನುಸುಳುತ್ತ, ನಿಲ್ಲುತ್ತ, ಮತ್ತೆ ನುಸುಳುತ್ತ ಮಧ್ಯಾಹ್ನದ ಹೊತ್ತಿಗೆ ಆಚೆ ಬಂದಳು. ತಿರುಗಿ ನೋಡಿದರೆ ಅವಳದೇ ಆಕಾರದ ತೆಳ್ಳನೆಯ ಪೊರೆ, ಒಳಮೈ ಹೊರಗಾಗಿ, ಕಲ್ಲಿಗೆ ಸಿಕ್ಕಿಕೊಂಡಿತ್ತು.

ಅವಳ ಮೈಮೇಲೆ ಇನ್ನೊಂದು ಪೊರೆ ಇತ್ತು. ಹೊಸದು, ಅವಳ ಅಳತೆಯದು. ಮಂಕು ಕವಿದಿದ್ದ ಅಷ್ಟೂ ದಿನ ಒಳಗೆ ಆ ಕೆಲಸ ನಡೆದಿತ್ತು.

ಆಗ ನೀಳಿಗೆ ಹಸಿವಾಯಿತು. ಬಹಳ ಹಸಿವಾಯಿತು. ವಟರಜ್ಜನನ್ನು ನೋಡಿದಳು.

"ಅಜ್ಜ, ನೀನು ಬೇರೆ ಸಂದಿಗೆ ಹೋಗುವುದು ಒಳ್ಳೆಯದು," ಎಂದಳು. "ನಾನು ಆ ಕಡೆ ತಿರುಗಿಕೊಂಡಿರ್ತೀನಿ."

ಅಜ್ಜ ಇನ್ನೊಂದು ಮಾತಿಗೆ ಕಾಯಲಿಲ್ಲ.

ಹಾಗೆಂದು ಮಂಕು ಅವಳನ್ನು ಪೂರ್ತಿ ಬಿಟ್ಟು ಹೋಗಲಿಲ್ಲ. ಬೆಳೆದಾಗಲೆಲ್ಲ ಮತ್ತೆ ಬಂತು. ಬಂದಾಗ ಹಸಿವು ಮೊದಲಿನಂತೆಯೇ ಸಾಯುತ್ತಿತ್ತು, ಗುಡ್ಡ ಹೊಗೆಯಾಗುತ್ತಿತ್ತು. ಆದರೆ ಕೆಟ್ಟುಹೋದೆ ಎಂದು ಅವಳು ಅಂದುಕೊಳ್ಳಲಿಲ್ಲ. ಸಂದಿ ಸೇರಿ, ಎಲ್ಲಿ ಒತ್ತುತ್ತಿದೆ ಎಂದು ಕೇಳಿದಳು. ತನ್ನ ಮಕ್ಕಳಿಗೂ ಹಾಗೆ ಕೇಳುವುದನ್ನು ಹೇಳಿಕೊಟ್ಟಳು.

ಅಂದಿನಿಂದ ಹಾವುಗಳೆಲ್ಲ ಬೆಳೆದಾಗ ಕೆಲವು ದಿನ ಮಂಕಾಗಿ ಮಲಗಿ ಆಮೇಲೆ ಪೊರೆ ಬಿಡುತ್ತವೆ, ಮಗು; ಕಲ್ಲಿನ ಸಂದಿಯಲ್ಲೋ ಬೇಲಿಯ ಬುಡದಲ್ಲೋ ಅಂಥದೊಂದು ಸಿಕ್ಕರೆ ಬೆಳಕಿಗೆ ಹಿಡಿದು ನೋಡು, ಎರಡು ಕಣ್ಣುಗಳ ಮೇಲಿದ್ದ ದುಂಡನೆಯ ತೆಳುಪೊರೆಯೂ ಅದರ ಜೊತೆಗೇ ಕಳಚಿ ಬಂದಿರುತ್ತದೆ.