ಈಶಾನ್ಯದ ಗುಂಡಿ

"ಗುರುಗಳೇ, ಮಾಡಿದ ತಪ್ಪಿಗೆ ಮನಸ್ಸಿನಲ್ಲೇ ಪಶ್ಚಾತ್ತಾಪ ಪಟ್ಟರೆ ಸಾಲದೇ? ಅದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲೇಬೇಕೇ?"

ಶಿಷ್ಯ ಮರುಳಸಿದ್ಧ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಹೊರಗೆ ಅಂಗಳದಲ್ಲಿ ಅಡುಗೆಯ ಈರಬಸಪ್ಪ ತನ್ನ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಮೂರು ದಿನದ ಹಿಂದೆ ಉಗ್ರಾಣದೊಳಗಿನ ನಲ್ಲಿಯನ್ನು ಯಾರೋ ತೆರೆದಿಟ್ಟು ಹೋಗಿ, ದಾಸೋಹದ ಅಕ್ಕಿಯೆಲ್ಲ ನೆನೆದು ಹಾಳಾಗಿತ್ತು. ಉಗ್ರಾಣದ ಬೀಗದಕೈ ಇರುತ್ತಿದ್ದದ್ದು ಈರಬಸಪ್ಪನ ಹತ್ತಿರ. ಆ ದಿನ ಅದನ್ನು ಯಾರಿಗಾದರೂ ಕೊಟ್ಟಿದ್ದೆಯಾ ಎಂದು ಮಠದ ಆಡಳಿತ ನೋಡುವವರು ಕೇಳಿದಾಗ, ಅವನು ಒಮ್ಮೆ ಮರುಳಸಿದ್ಧನ ಕಡೆ ನೋಡಿ, ಇಲ್ಲ ಎಂದಿದ್ದ. ಅವನನ್ನು ಕೆಲಸದಿಂದ ಬಿಡಿಸಿದ್ದರು.

ಗುರುಗಳು ಶಿಷ್ಯನ ಮುಖ ನೋಡಿದರು. ಶಿಷ್ಯ ನೆಲ ನೋಡುತ್ತಿದ್ದ.

"ಪ್ರಶ್ನೆ ಚೆನ್ನಾಗಿದೆ, ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರಿದ್ದರು. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಬಂದವರು. ಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡು ಕೂತರೆ, ಅವರು ಶಾಲೆಯ ಮೈದಾನದಲ್ಲಿ ನಿಂತು ಮಕ್ಕಳ ಜೊತೆ ಮಂಡಕ್ಕಿ ತಿನ್ನುತ್ತಿದ್ದರು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಆ ದಾರಿಯಲ್ಲೇ ಹೆಜ್ಜೆ ಇಡುತ್ತಿದ್ದರು. ಜ್ಯೋತಿಷಿಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಮಕ್ಕಳಿಗೆ ಅವರೆಂದರೆ ಪ್ರಾಣ. ಮೇಷ್ಟ್ರು ಹೇಳಿದರೆ ಮುಗಿಯಿತು, ಊರಿನಲ್ಲಿ ಅದಕ್ಕೆ ಎದುರು ಮಾತಿರಲಿಲ್ಲ.

ಮೇಷ್ಟ್ರು ಒಂದು ಹಳೆಯ ಮನೆ ಕೊಂಡರು. ಗೋಡೆ ಗಟ್ಟಿ, ವೈರಿಂಗ್ ಮಾತ್ರ ಅಜ್ಜನ ಕಾಲದ್ದು. ಮರದ ಪಟ್ಟಿಯ ಮೇಲೆ ಓಡಿದ ತಂತಿ ಮುಟ್ಟಿದರೆ ಸಿಪ್ಪೆ ಉದುರಿಸುತ್ತಿತ್ತು. ಅಡುಗೆಮನೆಯಲ್ಲಿ ಸ್ವಿಚ್ ಹಾಕಿದರೆ ಪಡಸಾಲೆಯ ದೀಪ ಮಿಣುಕುತ್ತಿತ್ತು. ಎಲ್ಲವನ್ನೂ ಹೊಸದಾಗಿ ಮಾಡಿಸಬೇಕೆಂದು ಮೇಷ್ಟ್ರು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಅವರ ಹಳೆಯ ವಿದ್ಯಾರ್ಥಿ. ಊರಿನಲ್ಲಿ ಯಾರ ಮನೆಯ ದೀಪ ಆರಿದರೂ ಅವನಿಗೇ ಕರೆ ಹೋಗುತ್ತಿತ್ತು. ಹೆಂಗಸರು ಒಬ್ಬರೇ ಇದ್ದ ಮನೆಯಲ್ಲೂ ಅವನನ್ನು ನಂಬಿ ಒಳಗೆ ಬಿಡುತ್ತಿದ್ದರು. ಹೊಲವಿಲ್ಲ, ಗದ್ದೆಯಿಲ್ಲ, ಅವನು ಸಂಪಾದಿಸಿದ ಆಸ್ತಿ ಎಂದರೆ ಆ ನಂಬಿಕೆ ಒಂದೇ.

ಎಲೆಕ್ಟ್ರಿಷಿಯನ್ ಹದಿನೈದು ದಿನ ಕೆಲಸ ಮಾಡಿದ. ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದು ಎಳೆದ. ಬಾವಿಗೆ ಮೋಟರ್ ಇಳಿಸಿದ, ಬಚ್ಚಲಿಗೆ ಗೀಸರ್ ಕೂರಿಸಿದ. ಕೊನೆಗೆ ಮನೆಯ ಮುಂದೆ, ಈಶಾನ್ಯ ಮೂಲೆಯಲ್ಲಿ, ಆಳುದ್ದದ ಗುಂಡಿ ತೋಡಿ ಕಬ್ಬಿಣದ ಪೈಪು ನಿಲ್ಲಿಸಿದ. ಸುತ್ತ ಇದ್ದಿಲು, ಉಪ್ಪು ತುಂಬಿ, ಮನೆಯ ಅರ್ತ್ ತಂತಿಯನ್ನು ಆ ಪೈಪಿಗೆ ಬಿಗಿದ. ಆಮೇಲೆ ಮೇಷ್ಟ್ರನ್ನು ಕರೆದು ತೋರಿಸಿದ.

"ಬೇಸಿಗೇಲಿ ವಾರಕ್ಕೊಂದ್ ಬಿಂದಿಗೆ ನೀರು ಹಾಕಿ ಮೇಷ್ಟ್ರೇ. ಕರೆಂಟು ಎಲ್ಲಾದ್ರೂ ದಾರಿ ತಪ್ಪಿದ್ರೆ ಮನುಷ್ಯರ ಮೈಮೇಲೆ ಬರದೆ ಇಲ್ಲಿಂದ ಭೂಮಿಗೆ ಇಳಿದು ಹೋಗುತ್ತೆ. ಇದನ್ನ ನನಗೆ ಹೇಳಿಕೊಟ್ಟಿದ್ದು ನೀವೇ, ಎಂಟನೇ ಕ್ಲಾಸಲ್ಲಿ."

ಮೇಷ್ಟ್ರಿಗೆ ಹೆಮ್ಮೆಯಾಯಿತು. ಹೇಳಿದ ಪಾಠ ಒಬ್ಬನ ತಲೆಯಲ್ಲಾದರೂ ಉಳಿಯಿತಲ್ಲ ಎಂದು ಹೆಂಡತಿಯ ಹತ್ತಿರ ಎರಡು ಸಲ ಹೇಳಿಕೊಂಡರು.

ಆ ವರ್ಷ ಮಗಳಿಗೆ ಗಂಡು ನೋಡುತ್ತಿದ್ದರು. ಒಂದಲ್ಲ ಎರಡಲ್ಲ, ನಾಲ್ಕು ಸಂಬಂಧ ಬಂದು ತಪ್ಪಿಹೋದವು. ಐದನೆಯವರ ಜೊತೆ ಒಬ್ಬ ವಾಸ್ತು ಹೇಳುವವನು ಬಂದಿದ್ದ. ಅವನು ಮನೆ ಸುತ್ತಿ ಬಂದು, ಈಶಾನ್ಯದ ಮೂಲೆಯಲ್ಲಿ ನಿಂತು ಮೂಗು ಮುರಿದ. ದೇವಮೂಲೆಯಲ್ಲಿ ಇದ್ದಿಲು ಹೂತಿದ್ದೀರಿ, ಅದು ಸುಡುಗಾಡಿನ ವಸ್ತು, ಈ ಮನೆಯಲ್ಲಿ ಮಂಗಳಕಾರ್ಯ ಹೇಗಾದೀತು ಎಂದ. ಮೇಷ್ಟ್ರು ಗೊಳ್ಳನೆ ನಕ್ಕರು. ಮರುದಿನ ತರಗತಿಯಲ್ಲಿ ಅದನ್ನೇ ಹೇಳಿ ಮಕ್ಕಳನ್ನೂ ನಗಿಸಿದರು.

ನಗುವುದೇನೋ ನಕ್ಕರು. ಆದರೆ ಆ ಸಂಬಂಧವೂ ತಪ್ಪಿತು. ಮಗಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅವಳನ್ನು ನೋಡುತ್ತ ಕೂತ ಮೇಷ್ಟ್ರಿಗೆ ಇದ್ದಿಲು ನೆನಪಾಯಿತು. ಛೆ ಎಂದುಕೊಂಡರು. ಮತ್ತೆ ನೆನಪಾಯಿತು.

ತಾಯಿ ಮಗಳು ನೆಂಟರ ಮನೆಗೆ ಹೋಗಿದ್ದ ಒಂದು ಭಾನುವಾರ, ಮೇಷ್ಟ್ರು ಗೇಟಿಗೆ ಚಿಲಕ ಹಾಕಿ ತಾವೇ ಹಾರೆ ಹಿಡಿದರು. ಅರ್ತ್ ತಂತಿ ಕತ್ತರಿಸಿದರು. ಇದ್ದಿಲನ್ನೆಲ್ಲ ಅಗೆದು ಚೀಲಕ್ಕೆ ತುಂಬಿದರು. ಪೈಪನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು. ಮಣ್ಣು ಮುಚ್ಚಿ, ಯಾರಿಗೂ ಅನುಮಾನ ಬಾರದಿರಲೆಂದು ಮೇಲೊಂದು ತುಳಸಿಕಟ್ಟೆ ಕೂರಿಸಿದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಇಲ್ಲಿ ಮರುಳಸಿದ್ಧನಿಗೆ ನಗು ಬಂತು. "ನಗು, ನಗು," ಎಂದರು ಗುರುಗಳು. "ಈ ಕತೆಯಲ್ಲಿ ನಗುವುದಕ್ಕೆ ಇಷ್ಟೇ ಜಾಗ ಇರುವುದು."

ಹೆಂಡತಿ ಊರಿನಿಂದ ಬಂದು ತುಳಸಿಕಟ್ಟೆ ನೋಡಿದಳು. ಇಷ್ಟು ವರ್ಷಕ್ಕೆ ಇವರಿಗೂ ದೇವರ ಮೇಲೆ ಮನಸ್ಸು ಬಂತಲ್ಲ ಎಂದು ಸಂತೋಷಪಟ್ಟಳು. ಕಟ್ಟೆಯ ಕೆಳಗಿನ ಸಂಗತಿಯನ್ನು ಮೇಷ್ಟ್ರು ಅವಳಿಗೂ ಹೇಳಲಿಲ್ಲ. ಮೂವತ್ತು ವರ್ಷ ಊರಿಗೆ ಬುದ್ಧಿ ಹೇಳಿದ ಬಾಯಿಯಲ್ಲಿ ಆ ಮಾತು ಹೇಗೆ ಬರಬೇಕು? ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುವಾಗಲೂ ಅವರಿಗೆ ನಾಚಿಕೆಯಾಗುತ್ತಿತ್ತು.

ಎರಡು ತಿಂಗಳಿಗೆ ಮಗಳ ಮದುವೆ ಗೊತ್ತಾಯಿತು. ಈಗ ಗುಂಡಿಯ ವಿಚಾರ ಮೇಷ್ಟ್ರಿಗೆ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಅರ್ತ್ ಇಲ್ಲದ ಮನೆ ಎಂಥ ಅಪಾಯವೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಆ ಬೀದಿಯಲ್ಲಿ ಇರಲಿಲ್ಲ. ಆದರೂ ಮದುವೆಯೊಂದು ಮುಗಿಯಲಿ, ಆಮೇಲೆ ಸರಿ ಮಾಡಿಸಿದರಾಯಿತು ಎಂದು ಸುಮ್ಮನಾದರು.

ಮದುವೆಗೆ ನಾಲ್ಕು ತಿಂಗಳಿತ್ತು. ಒಂದು ಬೆಳಿಗ್ಗೆ ಮೇಷ್ಟ್ರ ಹೆಂಡತಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಗೀಸರಿನೊಳಗಿನ ಕಾಯಿಲ್ ಕೆಟ್ಟು ಕರೆಂಟು ನೀರಿಗೆ ಇಳಿದಿತ್ತು. ಭೂಮಿಗೆ ಹೋಗಲು ದಾರಿಯಿಲ್ಲದ ಕರೆಂಟು ಅವಳ ಕೈ ಹಿಡಿಯಿತು. ಚೀರಿದ್ದು ಕೇಳಿ ಮಗಳು ಓಡಿ ಮೇನ್ ಸ್ವಿಚ್ ಆರಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಬೆರಳುಗಳು ಸುಟ್ಟಿದ್ದವು. ಬೀದಿಯ ಹೆಂಗಸರು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಪಕ್ಕದ ಮನೆಯವರು ವೈರಿಂಗ್ ಮಾಡಿದವನನ್ನು ಮೊದಲು ಕರೆಸಬೇಕೆಂದು ತಾವೇ ಫೋನ್ ಮಾಡಿದರು.

ಎಲೆಕ್ಟ್ರಿಷಿಯನ್ ತಿಂಡಿಯ ತಟ್ಟೆ ಬಿಟ್ಟು ಓಡಿ ಬಂದ. ಅಂಗಳದ ತುಂಬ ಜನ ನೆರೆದಿದ್ದರು. ಅವನು ಯಾರ ಜೊತೆಗೂ ಮಾತಾಡದೆ ಗೀಸರಿನ ತಂತಿ ಬಿಡಿಸಿ, ಬೋರ್ಡು ಬಿಚ್ಚಿ, ಮೇನ್ ಹಾಕಿದ. ಚೀಲದಿಂದ ಪರೀಕ್ಷೆಯ ಬಲ್ಬು ತೆಗೆದ. ಅದಕ್ಕೆ ಎರಡು ತಂತಿ. ಒಂದನ್ನು ಕರೆಂಟಿಗೆ, ಇನ್ನೊಂದನ್ನು ಅರ್ತಿಗೆ ಮುಟ್ಟಿಸಿದ. ಭೂಮಿಯ ತನಕ ದಾರಿ ಇದ್ದರೆ ಬಲ್ಬು ಹತ್ತಬೇಕು. ಹತ್ತಲಿಲ್ಲ. ತಂತಿಯ ತುದಿ ಕೆರೆದು ಮತ್ತೆ ಮುಟ್ಟಿಸಿದ. ಹತ್ತಲಿಲ್ಲ. ಅದು ಯಾಕೆ ಹತ್ತುತ್ತಿಲ್ಲ ಎಂದು ಆ ಜನರ ನಡುವೆ ಗೊತ್ತಿದ್ದವರು ಒಬ್ಬರೇ.

ಪಕ್ಕದ ಮನೆಯವರು ಕೂಗಾಡಿದರು. ಅರ್ತೇ ಇಲ್ಲವಲ್ಲಯ್ಯ, ಕಣ್ಣಿಗೆ ಮಣ್ಣೆರಚಿ ಹೋದೆಯಾ ಎಂದರು. ಎಲೆಕ್ಟ್ರಿಷಿಯನ್ ಎದ್ದು ಈಶಾನ್ಯದ ಮೂಲೆಗೆ ನಡೆದ. ಅಲ್ಲಿ ತುಳಸಿಕಟ್ಟೆ ಇತ್ತು. ಕಟ್ಟೆಯ ಬುಡದಲ್ಲಿ, ಕತ್ತರಿಸಿದ ಅರ್ತ್ ತಂತಿಯ ತುದಿ ಒಂದು ಬೆರಳಿನಷ್ಟು ಮಣ್ಣಿನ ಮೇಲಿತ್ತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಮೇಷ್ಟ್ರು ನೋಡಿದರು.

"ಮೇಷ್ಟ್ರೇ, ನಾನು ಹೋದಮೇಲೆ ಇಲ್ಲಿ ಯಾರಾದ್ರೂ ಕೈ ಹಾಕಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗೆ ಮೇಷ್ಟ್ರ ಅಂಗೈ ತಾನಾಗಿ ಪಂಚೆಗೆ ಒರೆಸಿಕೊಂಡಿತು. ಅವರು ಸುತ್ತ ನೋಡಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅವರ ಹತ್ತಿರ ಕಲಿತವರು, ಉಳಿದವರು ಮಕ್ಕಳನ್ನು ಅವರ ಹತ್ತಿರ ಕಲಿಯಲು ಕಳಿಸುತ್ತಿದ್ದವರು. ಇಷ್ಟೂ ಜನರ ಎದುರು, ವಾಸ್ತುವಿಗೆ ಹೆದರಿ ನಾನೇ ತಂತಿ ಕತ್ತರಿಸಿದೆ ಎನ್ನಬೇಕು.

"ಇಲ್ಲಪ್ಪ," ಎಂದರು ಮೇಷ್ಟ್ರು. "ಯಾರೂ ಮುಟ್ಟಿಲ್ಲ."

ಕಟ್ಟೆ ಸರಿಸಿ ನೋಡಿ ಎಂದು ಒಂದು ಮಾತು ಹೇಳಿದ್ದರೆ ಎಲೆಕ್ಟ್ರಿಷಿಯನ್ ಗೆಲ್ಲುತ್ತಿದ್ದ. ಹೇಳಲಿಲ್ಲ. ಕಾಲಿನಿಂದ ಸ್ವಲ್ಪ ಮಣ್ಣು ತಳ್ಳಿ ಆ ತಂತಿಯ ತುದಿಯನ್ನು ಮುಚ್ಚಿದ.

"ಹಾಗಾದ್ರೆ ತಪ್ಪು ನಂದೇ ಇರಬೇಕು ಮೇಷ್ಟ್ರೇ," ಎಂದ.

ಮೇಷ್ಟ್ರ ಕಿವಿ ಕಾದವು. ಆ ಕ್ಷಣ ನೆಲ ಬಾಯಿಬಿಟ್ಟಿದ್ದರೆ ಅವರು ಇಳಿದುಬಿಡುತ್ತಿದ್ದರು. ಎಲೆಕ್ಟ್ರಿಷಿಯನ್ ಅದೇ ದಿನ ಮನೆಯ ಹಿಂದೆ ಬೇರೆ ಗುಂಡಿ ತೋಡಿದ. ಹೊಸ ಪೈಪು, ಹೊಸ ಇದ್ದಿಲು, ಹೊಸ ಉಪ್ಪು. ಬಿಸಿಲಿನಲ್ಲಿ ಬೆವರು ಸುರಿಸುತ್ತಿದ್ದವನಿಗೆ ಒಂದು ಲೋಟ ನೀರು ಕೊಡಲು ಮೇಷ್ಟ್ರಿಗೆ ಎದುರು ಹೋಗುವ ಮುಖವಿರಲಿಲ್ಲ. ಕಿಟಕಿಯ ಹಿಂದೆ ನಿಂತು ಅವನ ಬೆನ್ನು ನೋಡಿದರು.

ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಪಾಠ ಕಲಿಸಿದ ಮೇಷ್ಟ್ರ ಮನೆಗೇ ಹೀಗೆ ಮಾಡಿದವನು ನಮಗೆ ಇನ್ನೇನು ಮಾಡಿಯಾನು ಎಂದು ಜನ ಆಡಿಕೊಂಡರು. ಅವನದೇ ಬೀದಿಯವರು ದೀಪ ಕೆಟ್ಟರೆ ಬೇರೆಯವರನ್ನು ಕರೆಸಿದರು. ತಿಂಗಳೊಳಗೆ ಅವನ ಫೋನು ಬಡಿದುಕೊಳ್ಳುವುದು ನಿಂತಿತು.

ಮೇಷ್ಟ್ರು ಒಳಗೊಳಗೇ ಬೆಂದರು. ನಟನೆಯಲ್ಲ, ನಿಜವಾಗಿ ಬೆಂದರು. ಸೋಮವಾರ ಒಪ್ಪತ್ತು ಹಿಡಿದರು. ಪ್ರಾಣವಾಗಿದ್ದ ಕಾಫಿ ಬಿಟ್ಟರು. ಹೆಂಡತಿ ಬೆರಳು ಮಡಿಸಲಾರದೆ ಚಮಚದಲ್ಲಿ ಅನ್ನ ತಿನ್ನುವುದನ್ನು ಕಂಡಾಗಲೆಲ್ಲ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಹೊಸ ಗುಂಡಿಗೆ ವಾರಕ್ಕೊಂದಲ್ಲ, ದಿನಕ್ಕೊಂದು ಬಿಂದಿಗೆ ನೀರು ಹೊಯ್ದರು. ಅವನು ವಾರಕ್ಕೊಂದು ಸಾಕು ಅಂದಿರಲಿಲ್ಲವೇ ಎಂದು ಹೆಂಡತಿ ಕೇಳಿದಳು. ಮೇಷ್ಟ್ರು ಇನ್ನೊಂದು ಬಿಂದಿಗೆ ತಂದರು.

ಒಂದು ಸಂಜೆ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಅಂಗಿ ತೊಟ್ಟು ಎಲೆಕ್ಟ್ರಿಷಿಯನ್ನನ ಬೀದಿಯ ತನಕ ಹೋದರು. ಬೀದಿಯ ತಿರುವಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಜನ ಅವರನ್ನು ಕಂಡು ಎದ್ದು ನಿಂತು, ನಮಸ್ಕಾರ ಮೇಷ್ಟ್ರೇ ಎಂದರು. ಹೇಳಿದ ಮೇಲೆ ಇವರು ನಾಳೆ ಏಳುತ್ತಾರೆಯೇ? ಮೇಷ್ಟ್ರು ತಿರುಗಿ ನಮಸ್ಕಾರ ಹೇಳಿ, ಏನೋ ಮರೆತವರಂತೆ ಜೇಬು ತಡವಿಕೊಂಡು ಮನೆಗೆ ಬಂದರು.

ಮಗಳ ಮದುವೆಯ ದಿನ ಬಂತು. ಛತ್ರದ ಮುಂದೆ ದೀಪದ ಸರ ಕಟ್ಟಲು ಪಕ್ಕದ ಊರಿನವರು ಬೆಳಿಗ್ಗೆಯೇ ಬಂದಿದ್ದರು. ಒಬ್ಬ ಏಣಿಯ ಮೇಲಿದ್ದ, ಒಬ್ಬ ಕೆಳಗೆ ಏಣಿ ಹಿಡಿದು ನಿಂತಿದ್ದ. ನೀನು ತಂತಿಗೆ ಕೈ ಹಾಕಬೇಡ, ಏಣಿ ಹಿಡಿ ಸಾಕು ಎಂದು ಮೇಲಿನವನು ಗದರುತ್ತಿದ್ದ. ಏಣಿ ಹಿಡಿದವನು ಮೇಷ್ಟ್ರನ್ನು ಕಂಡು ಒಂದು ಕೈ ಎದೆಗಿಟ್ಟು ತಲೆ ಬಾಗಿದ. ಅದೇ ಎಲೆಕ್ಟ್ರಿಷಿಯನ್.

"ಗುಂಡಿಗೆ ನೀರು ಹಾಕ್ತಿದ್ದೀರಾ ಮೇಷ್ಟ್ರೇ?"

"ದಿನಾ ಹಾಕ್ತೀನಪ್ಪ."

ಅವರ ಬಾಯಿಂದ ಬಂದದ್ದು ಅಷ್ಟೇ. ಮುಂದಿನ ಮಾತು ನಾಲಿಗೆಯ ತನಕ ಬಂದಿತ್ತು. ಅಷ್ಟರಲ್ಲಿ ಒಳಗೆ ವಾದ್ಯ ಶುರುವಾಯಿತು, ಧಾರೆಗೆ ಹೊತ್ತಾಯಿತು ಎಂದು ಯಾರೋ ಕರೆದರು, ಮೇಷ್ಟ್ರು ಹೋದರು. ಧಾರೆ ಮುಗಿಸಿ ಹೊರಗೆ ಬಂದಾಗ ಸರದ ದೀಪಗಳು ಹತ್ತಿದ್ದವು, ಏಣಿ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುಂದೆ ಇನ್ನೇನೋ ಇದೆಯೆಂದು ಮರುಳಸಿದ್ಧ ಕಾದ. ಇರಲಿಲ್ಲ.

"ಆದರೂ ಗುರುಗಳೇ, ಮೇಷ್ಟ್ರು ಪಟ್ಟ ಸಂಕಟ ಸಣ್ಣದೇ? ಅಷ್ಟು ಬೆಂದದ್ದು ಏನೂ ಅಲ್ಲವೇ?" ಎಂದ.

ಹೊರಗೆ ಈರಬಸಪ್ಪ ಟ್ರಂಕನ್ನು ತಲೆಗೇರಿಸಿಕೊಂಡ. ಉಗ್ರಾಣದ ಬೀಗದಕೈಯನ್ನು ಮೆಟ್ಟಿಲ ಮೇಲಿಟ್ಟು, ಗುರುಗಳಿದ್ದ ಕಡೆಗೆ ದೂರದಿಂದಲೇ ಕೈಯೆತ್ತಿ ನಮಸ್ಕರಿಸಿ, ಬಸ್ ನಿಲ್ದಾಣದ ದಾರಿ ಹಿಡಿದ. ಮರುಳಸಿದ್ಧ ಆ ಬೀಗದಕೈಯನ್ನೇ ನೋಡುತ್ತ ಕೂತ. ಗುರುಗಳು ಗೋಡೆಯ ಗಡಿಯಾರ ನೋಡಿದರು.

"ಈರಬಸಪ್ಪನ ಬಸ್ಸು ಮೂರು ಗಂಟೆಗೆ, ಮರುಳಸಿದ್ಧ, ಈಗ ಎರಡೂವರೆ."