ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯೂ ಕರಿಬಸನ ಕಂಪ್ಯೂಟರೂ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ. ಸ್ಟುಡಿಯೋಗೆ ಒಬ್ಬಳು ಯಜಮಾನಿ, ಚನ್ನಾಜಮ್ಮ. ಚನ್ನಾಜಮ್ಮನಿಗೆ ಒಬ್ಬನೇ ಮಗ, ಕರಿಬಸ. ಕರಿಬಸನಿಗೆ ಒಂದೇ ಗುಣ: ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಇಂಥ ಮಗ ಯಾವ ತಾಯಿಗೆ ಬೇಡ ಅನ್ನುತ್ತೀರಾ? ಒಂದು ವಾರ ನಿಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿ, ಆಮೇಲೆ ಮಾತಾಡೋಣ.

ವಯಸ್ಸು ಇಪ್ಪತ್ತೆಂಟು. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ, ಅದು ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಾನೆ. "ಉಕ್ತಾ?" ಅಂತ ಕೇಳಿದರೆ "ಚೆನ್ನಾಗಿ ಉಕ್ತು ಕಣಮ್ಮ" ಅನ್ನುತ್ತಾನೆ. ಚನ್ನಾಜಮ್ಮ ತಲೆ ಚಚ್ಚಿಕೊಳ್ಳುತ್ತಾಳೆ. ಅವನು ಸಂತೋಷವಾಗಿರುತ್ತಾನೆ.

ಆ ವರ್ಷ ಜ್ಯೇಷ್ಠದಲ್ಲಿ ಹೊನ್ನಮ್ಮನವರ ದೊಡ್ಡ ಮಗಳು ಸಹನಳ ಮದುವೆ ಆಯಿತು. ಫೋಟೋ ತೆಗೆದವಳು ಚನ್ನಾಜಮ್ಮ. ಮದುವೆಯಾಗಿ ಇಪ್ಪತ್ತು ದಿನಕ್ಕೆ ಆಷಾಢ ಬಂತು. ಆಷಾಢದಲ್ಲಿ ಹೊಸ ಗಂಡ ಹೆಂಡತಿ ಒಟ್ಟಿಗಿರಬಾರದಲ್ಲ, ಹುಡುಗಿ ತವರಿಗೆ ಬಂದಳು, ಹುಡುಗ ಲೋಹಿತ್ ತನ್ನೂರು ಜಾವಗಲ್ಲಿನಲ್ಲೇ ಉಳಿದ. ಶ್ರಾವಣ ಹುಟ್ಟಿದ ದಿನ ಬೀಗರು ಬಂದು ಸೊಸೆಯನ್ನು ಕರೆದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ಆಲ್ಬಮ್ ಮುಗಿದು ಅವಳ ಜೊತೆಗೇ ಹೋಗಬೇಕು ಅಂತ ಹೊನ್ನಮ್ಮ ಖಡಾಖಂಡಿತವಾಗಿ ಹೇಳಿದ್ದರು. ಅವರಿಗೆ ಇನ್ನೊಬ್ಬ ಮಗಳಿದ್ದಾಳೆ. ಈ ಆಲ್ಬಮ್ ಚೆನ್ನಾಗಿ ಬಂದರೆ ಆ ಮದುವೆಯೂ ಚನ್ನಾಜಮ್ಮನಿಗೇ. ಕೆಟ್ಟರೆ, ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಸ್ಟುಡಿಯೋ ಬಾಗಿಲು ತೆರೆದುಕೊಂಡೇ ಕೂತಿದೆ.

ಚನ್ನಾಜಮ್ಮನದು ಒಂದು ಪದ್ಧತಿ. ಮದುವೆ ಮುಗಿದ ಮೇಲೆ ಹುಡುಗಿಯ ಧಾರೆ ಸೀರೆಯನ್ನು ಸ್ಟುಡಿಯೋಗೆ ತರಿಸಿ ಇಟ್ಟುಕೊಳ್ಳುತ್ತಾಳೆ. ಆಲ್ಬಮ್ಮಿನಲ್ಲಿ ಸೀರೆಯ ಬಣ್ಣ ಬೇರೆಯಾದರೆ "ಇದು ನಾವು ಕೊಟ್ಟ ಸೀರೆಯೇ ಅಲ್ಲ" ಅಂತ ಬೀಗರು ತಗಾದೆ ತೆಗೆದದ್ದನ್ನು ಅವಳು ನೋಡಿದ್ದಾಳೆ. ಸಹನಳ ಸೀರೆ ಈರುಳ್ಳಿ ಸಿಪ್ಪೆ ಬಣ್ಣದ್ದು. ಸ್ಟುಡಿಯೋದ ಹಳೇ ಕಂಪ್ಯೂಟರಿನಲ್ಲಿ ಅದು ಇಟ್ಟಿಗೆ ಬಣ್ಣವಾಗಿ ಕಾಣುತ್ತಿತ್ತು. ಒಂದು ಫೋಟೋ ತೆರೆಯುವಷ್ಟರಲ್ಲಿ ಟೀ ಕಾಯಿಸಿ, ಸೋಸಿ, ಕುಡಿದು, ಲೋಟ ತೊಳೆದಿಡಬಹುದಿತ್ತು. ಹೊಸದು ತರದೆ ಗತಿಯಿಲ್ಲ. ಸ್ಟುಡಿಯೋ ಬಿಟ್ಟು ಹೋದರೆ ಬಂದ ಗಿರಾಕಿಗಳು ವಾಪಸು ಹೋಗುತ್ತಾರೆ. ಹಾಗಾಗಿ ಕರಿಬಸನನ್ನು ಕರೆದಳು.

"ತುಮಕೂರಲ್ಲಿ ಅನ್ವರ್ ಸಾಹೇಬ್ರ ಅಂಗಡಿಗೆ ಹೋಗು ಮಗ. ಅಲ್ಲಿ ಸಾಲಾಗಿ ಕಂಪ್ಯೂಟರ್ ಇಟ್ಟಿರ್ತಾರೆ. ಈ ಸೀರೆ ಹಿಡಿದು ನೋಡು. ಯಾವುದರಲ್ಲಿ ಈ ಬಣ್ಣ ಹಿಂಗೇ ಕಾಣುತ್ತೋ ಅದನ್ನ ತಗೊಂಡು ಬಾ."

ಹೂಂ ಅಂದ, ಹೊರಟ.

ಅಂಗಡಿಯಲ್ಲಿ ಸೀರೆ ಬಿಚ್ಚಿ ಒಂದೊಂದು ತೆರೆಗೂ ಹಿಡಿದ. ಒಂದರಲ್ಲಿ ಸಮುದ್ರ, ಒಂದರಲ್ಲಿ ಹಿಮದ ಬೆಟ್ಟ, ಒಂದರಲ್ಲಿ ಹಸಿರು ಗಿಳಿ. ಯಾವುದರಲ್ಲೂ ಈ ಬಣ್ಣ ಇಲ್ಲ. ಮೂಲೆಯಲ್ಲಿ ಅಂಗೈ ಅಗಲದ ತೆರೆಯೊಂದರಲ್ಲಿ ಮಾತ್ರ ಒಂದು ರಾಶಿ ಈರುಳ್ಳಿ ಇತ್ತು. ಸೀರೆ ಹಿಡಿದ. ಎಳೆ ಎಳೆಯಾಗಿ ಹೊಂದಿತು. ಅದನ್ನೇ ಕಟ್ಟಿಸಿಕೊಂಡು ಬಂದ.

ಚನ್ನಾಜಮ್ಮ ಬಿಚ್ಚಿ ನೋಡಿದರೆ ದಿನಸಿ ಅಂಗಡಿಯ ಬಿಲ್ಲು ಹಾಕುವ ಯಂತ್ರ. ಗುಂಡಿ ಒತ್ತಿದರೆ ಚೀಟಿ ಬರುತ್ತಿತ್ತು.

"ನಾನೇನು ಈರುಳ್ಳಿ ಮಾರ್ತೀನಾ?" ಅಂದಳು ಚನ್ನಾಜಮ್ಮ.

"ಬಣ್ಣ ಹಂಗೇ ಇತ್ತಲ್ಲಮ್ಮ."

"ಅಯ್ಯೋ ನನ್ನ ಕರ್ಮವೇ. ಅವರ ಚಿತ್ರ ನೋಡಿದ್ರೆ ಏನು ಬಂತೋ? ನಮ್ಮ ಫೋಟೋನ ಒಳಗೆ ಹಾಕಿ ನೋಡ್ಬೇಕು. ನಮ್ಮದು ಸಾವಿರಾರು ಫೋಟೋ ಇರ್ತವೆ. ಯಾವುದು ಜಾಸ್ತಿ ಫೋಟೋ ಹಿಡಿಯುತ್ತೋ ಅದನ್ನ ಆರಿಸ್ಬೇಕು. ಇದನ್ನ ವಾಪಸ್ ಕೊಟ್ಟು ಬಾ, ಹೋಗು."

ಹೂಂ ಅಂದ, ಹೊರಟ.

ಹೊರಡುವಾಗ ಮೇಜಿನ ಡ್ರಾಯರಿನಲ್ಲಿ ಗಿರಾಕಿಗಳು ಬಿಟ್ಟುಹೋದ ಪಾಸ್‌ಪೋರ್ಟ್ ಸೈಜಿನ ಫೋಟೋಗಳಿದ್ದವು, ಎಲ್ಲವನ್ನೂ ಜೇಬಿಗೆ ತುಂಬಿಕೊಂಡ. ಅಂಗಡಿಯಲ್ಲಿ ಕಂಪ್ಯೂಟರ್ ಡಬ್ಬಗಳ ಪಕ್ಕದಲ್ಲಿ ಗಾಳಿಯಾಡಲು ಸೀಳುಗಳಿರುತ್ತವೆ ನೋಡಿ, ಅದರೊಳಗೆ ಒಂದೊಂದಾಗಿ ತೂರಿಸಿದ. ಮೊದಲನೆಯ ಡಬ್ಬ ಹನ್ನೊಂದು ಹಿಡಿಯಿತು. ಎರಡನೆಯದು ಹತ್ತೊಂಬತ್ತು. ಮೂರನೆಯದು ಭಾರೀ ಕುಳ, ನಲವತ್ತೆರಡು ನುಂಗಿದರೂ ಇನ್ನೂ ಜಾಗವಿತ್ತು. ಕರಿಬಸನಿಗೆ ಬಹಳ ಮೆಚ್ಚುಗೆಯಾಯಿತು.

ಅನ್ವರ್ ಸಾಹೇಬರು ಓಡಿ ಬಂದರು. ಸ್ಕ್ರೂ ಬಿಚ್ಚಿ ಒಳಗಿಂದ ಒಬ್ಬೊಬ್ಬರನ್ನೇ ಹೊರಗೆ ತೆಗೆದರು. ಅಂಚೆಯವನು ಬಂದ, ನರ್ಸಮ್ಮ ಬಂದಳು, ನಿವೃತ್ತ ಮೇಷ್ಟ್ರು ಫ್ಯಾನಿಗೆ ಸಿಕ್ಕಿ ಅರ್ಧ ಮೀಸೆ ಕಳೆದುಕೊಂಡು ಬಂದರು. "ಅಣ್ಣ, ಮನೆಗೆ ಹೋಗಿ ಯಾರನ್ನಾದ್ರೂ ಕೇಳ್ಕೊಂಡು ಬನ್ನಿ" ಅಂತ ಸಾಹೇಬರು ಫೋಟೋಗಳನ್ನು ಕವರಿಗೆ ಹಾಕಿ ಕೊಟ್ಟು ಕಳಿಸಿದರು. ಒಳ್ಳೆಯ ಮನುಷ್ಯ, ಕೈ ಮಾಡಲಿಲ್ಲ.

"ಒಳಗೆ ಹಾಕು ಅಂದ್ರೆ ತುರುಕೋದೇನೋ?" ಅಂದಳು ಚನ್ನಾಜಮ್ಮ. "ನಿನ್ನಷ್ಟಕ್ಕೆ ನೀನು ಏನೂ ಮಾಡ್ಬೇಡ. ಸಾಹೇಬ್ರ ಹತ್ರ ಕೂತು ಮಾತಾಡು. ಮೂವತ್ತೆರಡು ರ್ಯಾಮ್ ಇರೋದು, ದೊಡ್ಡ ತೆರೆ ಇರೋದು ಬೇಕು ಅಂತ ಹೇಳು. ವ್ಯಾಪಾರ ಅಂದ್ಮೇಲೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸ್ಬಾರ್ದು. ಅವರು ಎಷ್ಟು ಹೇಳಿದ್ರೂ ಅದರಲ್ಲಿ ಅರ್ಧಕ್ಕೆ ಕೇಳ್ಬೇಕು. ತಿಳೀತಾ?"

ಹೂಂ ಅಂದ, ಹೊರಟ.

ಈ ಸಲ ಸಾಹೇಬರ ಎದುರು ಶಿಸ್ತಾಗಿ ಕೂತ. ತಾಯಿ ಹೇಳಿದ್ದನ್ನೆಲ್ಲ ಒಪ್ಪಿಸಿದ. ಸಾಹೇಬರಿಗೂ ಸಮಾಧಾನವಾಯಿತು.

"ಹಾಗಾದ್ರೆ ಇದು ನೋಡಿ ಅಣ್ಣ, ಫೋಟೋ ಕೆಲಸದೋರು ಇದನ್ನೇ ಒಯ್ಯೋದು. ತೆರೆ ಇಪ್ಪತ್ತಾರು ಇಂಚು."

"ಹದಿಮೂರು."

"ರ್ಯಾಮ್ ನೀವೇ ಕೇಳಿದಂಗೆ ಮೂವತ್ತೆರಡು."

"ಹದಿನಾರು."

"ಹದಿನಾರು ಸಾಕಾ?"

"ಎಂಟು."

"ಎಂಟಾ?"

"ನಾಲ್ಕು."

ಸಾಹೇಬರು ಅಲ್ಲಿಗೆ ನಿಲ್ಲಿಸಿದರು. ಇನ್ನೊಮ್ಮೆ ಕೇಳಿದ್ದರೆ ಎರಡಕ್ಕೆ ಇಳಿಯುತ್ತಿತ್ತು. ವಾರಂಟಿ ಮೂರು ವರ್ಷ ಅಂದರು, ಒಂದೂವರೆ ಅಂದ. ಒಂದು ಲೋಟ ಟೀ ಕುಡೀರಿ ಅಂದರು, ಅರ್ಧ ಸಾಕು ಅಂದ. ಕೊನೆಗೆ ಮಕ್ಕಳು ಪಾಠ ಕಲಿಯುವ ಪುಟ್ಟ ಲ್ಯಾಪ್‌ಟಾಪ್ ಕಟ್ಟಿಸಿಕೊಂಡು ಎದ್ದ. ಬೆಲೆಯನ್ನು ಮಾತ್ರ ಯಾರೂ ಬಾಯಲ್ಲಿ ಹೇಳಲಿಲ್ಲ, ಡಬ್ಬದ ಮೇಲೆ ಚೀಟಿ ಅಂಟಿಸಿದ್ದರು. ಹಾಗಾಗಿ ಅದನ್ನು ಅರ್ಧಕ್ಕೆ ಕೇಳುವ ಪ್ರಸಂಗ ಬರಲಿಲ್ಲ.

ಚನ್ನಾಜಮ್ಮ ಅದರಲ್ಲಿ ಸಹನಳ ಒಂದು ಫೋಟೋ ತೆರೆದಳು. ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಗುರುಗುಟ್ಟಿ ಮಲಗಿತು. ಆಷಾಢದಲ್ಲಿ ಆಗಲೇ ಹತ್ತು ದಿನ ಕಳೆದಿತ್ತು. ಮಾರನೆಯ ದಿನ ಸ್ಟುಡಿಯೋಗೆ ಬೀಗ ಹಾಕಿ, ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮಗನ ಕೈ ಹಿಡಿದುಕೊಂಡು ತಾನೇ ರೈಲು ಹತ್ತಿದಳು.

ಅಂಗಡಿಯಲ್ಲಿ ಅವಳು ಕೇಳಿದಳು, ಅನ್ವರ್ ಸಾಹೇಬರು ಕೊಟ್ಟರು. ಈ ಪೆನ್‌ಡ್ರೈವ್ ಹಾಕಿ ಅಂದಳು, ಹಾಕಿದರು. ಈ ಫೋಟೋ ತೆರೀರಿ ಅಂದಳು, ತೆರೆದರು. ಬೆಳಕು ಕಮ್ಮಿ ಮಾಡಿ ಅಂದಳು, ಮಾಡಿದರು. ಎರಡು ತೆರೆಯಲ್ಲಿ ಸೀರೆ ಇಟ್ಟಿಗೆಯಾಯಿತು, ಗುಲಾಬಿಯಾಯಿತು. ಮೂರನೆಯದರಲ್ಲಿ ಈರುಳ್ಳಿ ಸಿಪ್ಪೆಯೇ ಆಯಿತು. ಚನ್ನಾಜಮ್ಮ ಸೀರೆಯ ಸೆರಗನ್ನು ತೆರೆಗೆ ಹಿಡಿದು ಅರೆಗಳಿಗೆ ನಿಂತಳು. ಎಲ್ಲಿ ಸೀರೆ ಮುಗಿದು ಎಲ್ಲಿ ಫೋಟೋ ಶುರುವಾಯಿತು ಅಂತ ತಿಳಿಯಲಿಲ್ಲ. ಇಪ್ಪತ್ತು ವರ್ಷ ಅಂದಾಜಿನ ಮೇಲೆ ಬಣ್ಣ ಹಾಕಿದವಳಿಗೆ ಕಣ್ಣು ತುಂಬಿ ಬಂತು. ರ್ಯಾಮ್ ಮೂವತ್ತೆರಡೇ ಹಾಕಿಸಿದಳು. ಫೋಟೋ ಇಡಲು ಒಳಗೊಂದು ಡಿಸ್ಕು, ಹೊರಗೆ ಇಟ್ಟುಕೊಳ್ಳಲು ಇನ್ನೊಂದು. ಪುಟ್ಟ ಲ್ಯಾಪ್‌ಟಾಪನ್ನು ಸಾಹೇಬರು ವಾಪಸು ತೆಗೆದುಕೊಂಡರು.

ರೈಲಿನಲ್ಲಿ ಮಗನಿಗೆ ಬುದ್ಧಿ ಹೇಳಿದಳು. "ಸಾಹೇಬ್ರನ್ನ ನೋಡಿ ಕಲಿ. ಗಿರಾಕಿ ಬಾಯಿಂದ ಒಂದು ಮಾತು ಬಿದ್ರೆ ಸಾಕು, ಎದುರು ಮಾತಾಡದೆ ಮಾಡ್ಬೇಕು. ಇನ್ನೊಂದು ವಿಷಯ. ಫೋಟೋನ ಒಂದೇ ಕಡೆ ಇಡ್ಬಾರ್ದು. ಯಾವತ್ತೂ ಎರಡು ಕಡೆ ಇರ್ಬೇಕು."

ಹೂಂ ಅಂದ.

ಹೊಸ ಕಂಪ್ಯೂಟರ್ ಬಂದ ಮೇಲೆ ಸ್ಟುಡಿಯೋಗೆ ಕಳೆ ಬಂತು. ಫೋಟೋಗಳು ಪಟಪಟನೆ ತೆರೆದುಕೊಂಡವು. ಚನ್ನಾಜಮ್ಮ ಮಗನಿಗೆ ಒಂದೇ ಒಂದು ಕೆಲಸ ಕಲಿಸಿದಳು, ಫೋಟೋದಲ್ಲಿ ಬೇಡದ್ದನ್ನು ಅಳಿಸುವುದು. ಪ್ಲಾಸ್ಟಿಕ್ ಕುರ್ಚಿ ಅಳಿಸು ಅಂದರೆ ಅಳಿಸಿದ. ನೀರಿನ ಬಾಟಲಿ ಅಳಿಸು ಅಂದರೆ ಅಳಿಸಿದ. ಮಂಟಪದ ಹಿಂದೆ ಆಕಳಿಸುತ್ತಿದ್ದ ಮಾವನನ್ನು ಅಳಿಸಿ, ಅಲ್ಲಿ ಹೂವಿನ ತೋರಣ ಇದ್ದೇ ಇತ್ತು ಅನ್ನುವ ಹಾಗೆ ಮಾಡಿದ. ಕೈ ಒಂದಿಷ್ಟೂ ನಡುಗದು, ಬೇಸರ ಅನ್ನುವುದಿಲ್ಲ. ಅಬ್ಬಾ, ನನ್ನ ಮಗನಿಗೂ ಒಂದು ವಿದ್ಯೆ ಹತ್ತಿತು ಅಂತ ಚನ್ನಾಜಮ್ಮನ ಎದೆ ಹಗುರಾಯಿತು. ಆಲ್ಬಮ್ಮಿನ ಪುಟಗಳನ್ನೆಲ್ಲ ಜೋಡಿಸಿಟ್ಟು, ಕಡೂರಿನಲ್ಲಿ ನಾಮಕರಣದ ಫೋಟೋ ತೆಗೆಯಲು ಮೂರು ದಿನ ಹೋದಳು. ಎಷ್ಟೋ ವರ್ಷದ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದು ಆ ಊರಿನಲ್ಲೇ.

ಅವಳು ಹೋದ ದಿನವೇ ಹೊನ್ನಮ್ಮ ಮಗಳ ಜೊತೆ ಆಲ್ಬಮ್ ನೋಡಲು ಬಂದರು. ಕರಿಬಸ ಮೊದಲ ಪುಟ ತೋರಿಸಿದ. ಸಹನ ತೆರೆಯ ಮೇಲಿನ ಗಂಡನನ್ನು ನೋಡುತ್ತಾ ನಿಂತುಬಿಟ್ಟಳು.

"ಹಂಗೆ ನೋಡ್ಬೇಡ ಬಾರೆ" ಅಂತ ಹೊನ್ನಮ್ಮ ನಕ್ಕರು. "ಆಷಾಢ ಮುಗಿಯೋ ತನಕ ಗಂಡ ಹೆಂಡ್ತಿ ಒಂದೇ ಕಡೆ ಇರ್ಬಾರ್ದು. ನೀನು ಇಲ್ಲಿ, ಅವರು ಜಾವಗಲ್ಲಲ್ಲಿ."

ಗಿರಾಕಿಯ ಬಾಯಿಂದ ಮಾತು ಬಿತ್ತು. ಕರಿಬಸ ಎದುರು ಮಾತಾಡಲಿಲ್ಲ.

ಚನ್ನಾಜಮ್ಮ ವಾಪಸು ಬಂದಾಗ ಶ್ರಾವಣಕ್ಕೆ ಇನ್ನು ಏಳು ದಿನ. ಹೊನ್ನಮ್ಮ, ಸಹನ ಇಬ್ಬರೂ ಬೆಳಿಗ್ಗೆಯೇ ಬಂದು ಕೂತರು. ಚನ್ನಾಜಮ್ಮ ಠೀವಿಯಿಂದ ಕಂಪ್ಯೂಟರ್ ಹಾಕಿದಳು. ಬಣ್ಣವೇನೋ ಅದ್ಭುತವಾಗಿತ್ತು. ಆದರೆ ಸಹನ ಒಬ್ಬಳೇ ಹಸೆಮಣೆಯ ಮೇಲೆ ಕೂತಿದ್ದಳು. ತಾಳಿ ತನ್ನಷ್ಟಕ್ಕೆ ತಾನೇ ಬಂದು ಕೊರಳ ಹಿಂದೆ ಗಾಳಿಯಲ್ಲಿ ಗಂಟು ಹಾಕಿಕೊಳ್ಳುತ್ತಿತ್ತು. ಅರುಂಧತಿ ನಕ್ಷತ್ರ ತೋರಿಸುವವರಿಲ್ಲದೆ ಅವಳೊಬ್ಬಳೇ ಆಕಾಶ ನೋಡುತ್ತಿದ್ದಳು. ನೂರಿಪ್ಪತ್ತು ಪುಟ, ಒಂದರಲ್ಲೂ ಗಂಡಿಲ್ಲ.

"ಹುಡುಗ ಎಲ್ಲೋ?" ಅಂದಳು ಚನ್ನಾಜಮ್ಮ.

"ಜಾವಗಲ್ಲಲ್ಲಿ ಇದ್ದಾರೆ. ಅವರನ್ನ ಇನ್ನೊಂದು ಡಿಸ್ಕಿಗೆ ಹಾಕಿ, ಬಸ್ಸಲ್ಲಿ ಹೋಗಿ ಅವರ ಕೈಗೇ ಕೊಟ್ಟು ಬಂದೆ. ಎರಡು ಕಡೆ ಇರ್ಬೇಕು ಅಂತ ನೀನೇ ಅಂದಿದ್ದೆ. ಒಂದೇ ಕಡೆ ಇರ್ಬಾರ್ದು ಅಂತ ಹೊನ್ನಮ್ಮೋರೂ ಅಂದ್ರು."

ಹೊನ್ನಮ್ಮನವರ ಮುಖ ಕೆಂಪಗಾಯಿತು. ಸಹನ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಚನ್ನಾಜಮ್ಮ ಬೀರು ತೆಗೆದು ಕ್ಯಾಮೆರಾದ ಕಾರ್ಡುಗಳ ಡಬ್ಬಿ ನೋಡಿದಳು. ಮದುವೆ ಪೂರ್ತಿ ಅದರಲ್ಲಿ ಹಾಗೇ ಇತ್ತು. ಹೋದ ಜೀವ ಬಂತು.

"ಸಂಜೆಗೆ ಬನ್ನಿ ಹೊನ್ನಮ್ಮೋರೇ, ಸರಿ ಮಾಡಿರ್ತೀನಿ" ಅಂತ ಕೈ ಮುಗಿದು, ಅವರು ಹೋದ ಮೇಲೆ ಮಗನ ಕಡೆ ತಿರುಗಿದಳು. "ನೋಡೋ, ಸಂಜೆಯೊಳಗೆ ಇಬ್ಬರನ್ನೂ ಒಂದೇ ಕಡೆ ತಂದು ನಿಲ್ಲಿಸ್ಬೇಕು. ಇನ್ನು ಮೇಲೆ ಅವರಿಬ್ಬರನ್ನ ಬೇರೆ ಮಾಡಿದ್ರೆ ನಿನಗೆ ಮನೇಲಿ ಜಾಗ ಇಲ್ಲ."

ಹೂಂ ಅಂದ, ಹೊರಟ.

ಒಳಕೋಣೆಗೆ ಹೋದ ಅಂದುಕೊಂಡಳು. ನೋಡಿದರೆ ಇಲ್ಲ. ಹುಡುಕುವುದಕ್ಕೆ ಪುರಸೊತ್ತಿರಲಿಲ್ಲ. ಕಾರ್ಡು ಹಾಕಿ ತಾನೇ ಕೂತಳು. ಹಳೆಯ ಕಂಪ್ಯೂಟರಿನಲ್ಲಾಗಿದ್ದರೆ ಒಂದು ತಿಂಗಳ ಕೆಲಸ, ಇದರಲ್ಲಿ ಸಂಜೆ ಐದಕ್ಕೆ ನೂರಿಪ್ಪತ್ತು ಪುಟವೂ ಮುಗಿದವು. ಹೊನ್ನಮ್ಮ ಬಂದು ಸೀರೆ ಹಿಡಿದು ಹಿಡಿದು ನೋಡಿದರು. "ಇದು ನಮ್ಮ ಸೀರೆಯೇ" ಅಂದರು. ಚನ್ನಾಜಮ್ಮನ ಬೆನ್ನು ನೋವೆಲ್ಲ ಹೋಯಿತು.

ಆಗ ಕರಿಬಸ ಬಂದ. ಹಿಂದೆ ಜಾವಗಲ್ಲಿನ ಲೋಹಿತ್. ಅವನ ರಟ್ಟೆ ಹಿಡಿದು ತಂದು ಸಹನಳ ಪಕ್ಕಕ್ಕೆ ನಿಲ್ಲಿಸಿ, ಭುಜ ಸರಿ ಮಾಡಿ, "ನಿಲ್ಲಿಸ್ದೆ ಕಣಮ್ಮ" ಅಂದ.

ಅಳಿಯ ನೆಲ ನೋಡಿದ, ಮಗಳು ಅಳಿಯನನ್ನು ನೋಡಿದಳು. ಹೊನ್ನಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಇದು ಮನೆಯಲ್ಲ, ಸ್ಟುಡಿಯೋ. ನಾನಂತೂ ನೋಡಿಲ್ಲ" ಅಂದರು. "ಅಳಿಯಂದ್ರನ್ನ ಆರು ಗಂಟೆ ಬಸ್ಸಿಗೆ ಹತ್ತಿಸಿ ಬಾರಪ್ಪ. ಸಹನ, ನೀನು ಬಾಗಿಲ ತನಕ ಹೋಗಿ ಬಾ."

ಹೂಂ ಅಂದ, ಹೊರಟ.

ಹೆಂಗಸರಿಬ್ಬರೂ ಟೀ ಕುಡಿದರು. ಆರೂಕಾಲಿಗೆ ಕರಿಬಸ ಒಬ್ಬನೇ ಕೈ ಬೀಸಿಕೊಂಡು ಬಂದ.

"ಸಹನ ಎಲ್ಲೋ?"

"ಬಸ್ಸಲ್ಲಿ. ಇಬ್ಬರನ್ನ ಬೇರೆ ಮಾಡಿದ್ರೆ ಮನೇಲಿ ಜಾಗ ಇಲ್ಲ ಅಂದಿದ್ದೆಯಲ್ಲಮ್ಮ. ಜೊತೆಗೇ ಹತ್ತಿಸ್ದೆ."

ಈ ಆಲ್ಬಮ್ಮೂ ಹೋಯಿತು, ಮುಂದಿನ ಮದುವೆಯೂ ಹೋಯಿತು ಅಂದುಕೊಂಡಳು ಚನ್ನಾಜಮ್ಮ. ಹೊನ್ನಮ್ಮ ಲೋಟ ಕೆಳಗಿಟ್ಟರು.

"ನನ್ನ ಮಗಳು ಏನಂದ್ಲು?"

"ಏನೂ ಅನ್ಲಿಲ್ಲ. ಕಿಟಕಿ ಪಕ್ಕದ ಸೀಟು ಕೇಳಿದ್ರು."

ಹೊನ್ನಮ್ಮ ಧಾರೆ ಸೀರೆಯನ್ನು ನಿಧಾನವಾಗಿ ಮಡಚತೊಡಗಿದರು.

"ಎರಡನೆಯೋಳ ಮದುವೆನ ಆಷಾಢ ಕಳೆದ ಮೇಲೇ ಇಟ್ಕೋತೀನಿ" ಅಂದರು. "ಫೋಟೋಗೆ ನೀವೇ ಬನ್ನಿ ಚನ್ನಾಜಮ್ಮ. ಇವನನ್ನೂ ಕರ್ಕೊಂಡು ಬನ್ನಿ. ಹೆಣ್ಣು ಒಪ್ಪಿಸಿ ಕಳಿಸೋ ಹೊತ್ತಿಗೆ ನನಗೆ ಕೈ ಬರಲ್ಲ, ಇವನಾದ್ರೆ ಹತ್ತಿಸಿಯೇ ಬರ್ತಾನೆ."